ರಾಜಾಜಿನಗರದ ನಮ್ಮ ಜೂಡೋ ಕ್ಲಾಸ್: ದುಡ್ಡು ಕೊಟ್ಟು ಸೇರಬಹುದಾ?

ಸೇರಬಹುದು. ಮೈ ಗಟ್ಟಿಯಾಗಬೇಕು, ಜೊತೆಗೆ ಯಾರಾದರೂ ಕೈ ಹಿಡಿದು ಎಳೆದರೆ ಬಿಡಿಸಿಕೊಳ್ಳುವುದೂ ಗೊತ್ತಿರಬೇಕು ಅಂತ ಬೆಂಗಳೂರಿನಲ್ಲಿ ಕ್ಲಾಸ್ ಹುಡುಕುತ್ತಿದ್ದರೆ ಧೈರ್ಯವಾಗಿ ಇಲ್ಲಿಗೆ ಬನ್ನಿ. ಕೊರತೆಗಳಿವೆ, ಒಂದೊಂದಾಗಿ ಬರೆಯುತ್ತೇನೆ. ಆದರೆ ಕಲಿಸಬೇಕಾದ್ದನ್ನು ಇಲ್ಲಿ ಸರಿಯಾಗಿ ಕಲಿಸುತ್ತಾರೆ. ಅದು ಎಲ್ಲ ಕಡೆ ಸಿಗುವುದಿಲ್ಲ ಅನ್ನುವುದು ನಾಲ್ಕು ಕಡೆ ಅಲೆದು ನೋಡಿದ ಮೇಲೆ ಗೊತ್ತಾಯಿತು.

ಜೂಡೋ ಅಂದರೆ ಎದುರಿನವರನ್ನು ಹಿಡಿದು ಬೀಳಿಸುವ, ಅದುಮಿ ಹಿಡಿಯುವ ಜಪಾನಿನ ವಿದ್ಯೆ. ಕ್ಲಾಸಿಗೆ ಹೆಸರು ಅಂತ ಇಲ್ಲ. ಮಹಾಕವಿ ಕುವೆಂಪು ರಸ್ತೆ ಮೆಟ್ರೋ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಕಲ್ಯಾಣ ಮಂಟಪ ಇದೆ. ಅದರ ಮೊದಲ ಮಹಡಿಯ ಹಾಲ್‌ನಲ್ಲಿ ನಡೆಯುತ್ತದೆ. ಹೊರಗೆ ಬೋರ್ಡೂ ಇಲ್ಲ, ಎಲ್ಲರೂ ಮಾಸ್ಟರ್ ಕ್ಲಾಸ್ ಅಂತಲೇ ಕರೆಯುತ್ತಾರೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರೂವರೆಯಿಂದ ಎಂಟರವರೆಗೆ. ಭಾನುವಾರ ಬೆಳಿಗ್ಗೆ ಹೆಂಗಸರಿಗೆ ಮಾತ್ರ ಒಂದು ಬ್ಯಾಚ್. ದೊಡ್ಡವರಿಗೆ ತಿಂಗಳಿಗೆ 1,800 ರೂಪಾಯಿ, ಮಕ್ಕಳಿಗೆ 1,200. ಸೇರುವಾಗ 500 ರೂಪಾಯಿ ಬೇರೆ. ಇಂದಿರಾನಗರ, ಕೋರಮಂಗಲ ಕಡೆ ಏಸಿ ಹಾಕಿರುವ ಜಾಗಗಳಲ್ಲಿ ನಾನು ವಿಚಾರಿಸಿದಾಗ ಹೇಳಿದ್ದು ಇದರ ಎರಡು ಮೂರು ಪಟ್ಟು. ನಾನು ಮತ್ತು ಆರನೇ ಕ್ಲಾಸಿನ ಮಗಳು, ಇಬ್ಬರೂ ಹೋಗುತ್ತಿದ್ದೇವೆ. ಶುರು ಮಾಡಿ ವರ್ಷದ ಮೇಲಾಯಿತು.

ಇಲ್ಲಿಗೆ ಬರುವ ಮುಂಚೆ ಬೇರೆ ಕಡೆ ನೋಡಿದ್ದನ್ನೂ ಹೇಳಬೇಕು. ಇಲ್ಲದಿದ್ದರೆ ಈ ಕ್ಲಾಸ್ ಯಾಕೆ ಇಷ್ಟವಾಯಿತು ಅಂತ ಅರ್ಥ ಆಗುವುದಿಲ್ಲ.

ಮನೆ ಹತ್ತಿರದ ಒಂದು ಕರಾಟೆ ಕ್ಲಾಸಿಗೆ ಮಗಳನ್ನು ಸೇರಿಸಿದ್ದೆ. ಐವತ್ತು ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು, ಗಾಳಿಗೆ ಒದೆಯುತ್ತಿದ್ದರು. ನೋಡಲು ಚೆನ್ನಾಗಿತ್ತು. ಮೂರು ತಿಂಗಳಿಗೊಮ್ಮೆ ಬೆಲ್ಟ್ ಟೆಸ್ಟ್, ಅದಕ್ಕೆ ಬೇರೆ ಫೀಸ್, ಸರ್ಟಿಫಿಕೇಟಿಗೆ ಇನ್ನೊಂದಿಷ್ಟು. ಹಸಿರು ಬೆಲ್ಟ್ ಬರುವ ಹೊತ್ತಿಗೂ ಅವಳು ಇನ್ನೊಂದು ಮಗುವಿನ ಮೈ ಮುಟ್ಟಿರಲಿಲ್ಲ. ಕರಾಟೆಯನ್ನು ನಾನು ದೂರುತ್ತಿಲ್ಲ. ಜಪಾನಿನ ಒಕಿನಾವಾ ದ್ವೀಪದಲ್ಲಿ ಬೆಳೆದ ಗಟ್ಟಿ ವಿದ್ಯೆ ಅದು. ಕ್ಯೋಕುಶಿನ್ ಅನ್ನುವ ಶಾಖೆಯಲ್ಲಂತೂ ನಿಜವಾಗಿಯೇ ಹೊಡೆದಾಡಿಸಿ ಕಲಿಸುತ್ತಾರೆ. ತೊಂದರೆ ಇರುವುದು ಬೆಲ್ಟ್ ಮಾರುವ ಅಂಗಡಿಗಳಲ್ಲಿ. ಬಿಳಿ ಬೆಲ್ಟು, ಕಪ್ಪು ಬೆಲ್ಟು ಅನ್ನುವ ಪದ್ಧತಿ ಶುರುವಾಗಿದ್ದೇ ಜೂಡೋದಲ್ಲಿ. ಕರಾಟೆ ಗುರು ಫುನಾಕೋಶಿ ಅದನ್ನು ತನ್ನ ಶಿಷ್ಯರಿಗೆ ತಂದಿದ್ದು 1924ರಲ್ಲಿ. ಕಲಿತವನಿಗೆ ಎಷ್ಟು ಗೊತ್ತು ಅಂತ ತಿಳಿಯಲು ಮಾಡಿದ ಗುರುತು ಅದು, ತಿಂಗಳ ಲೆಕ್ಕದಲ್ಲಿ ಹಂಚಲು ಅಲ್ಲ.

ಆಮೇಲೆ ಒಂದು ಕಿಕ್‌ಬಾಕ್ಸಿಂಗ್ ಜಿಮ್‌ಗೆ ನಾನೇ ಹೋದೆ. ಬೆವರು ಇಳಿಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಹಾಡು ಹಾಕಿ, ಬ್ಯಾಗಿಗೆ ಮೂರು ನಿಮಿಷ ಗುದ್ದಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಗುದ್ದಿಸುತ್ತಾರೆ. ತೂಕ ಇಳಿಯಬೇಕು, ತಲೆಬಿಸಿ ಕಮ್ಮಿಯಾಗಬೇಕು, ಅಷ್ಟೇ ಸಾಕು ಅನ್ನುವವರು ಅಲ್ಲಿಗೇ ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಬ್ಯಾಗ್ ತಿರುಗಿ ಹೊಡೆಯುವುದಿಲ್ಲ, ಕೂದಲು ಹಿಡಿದು ಎಳೆಯುವುದಿಲ್ಲ.

ಆಫೀಸಿನಲ್ಲಿ ಮಹಿಳಾ ದಿನಕ್ಕೆ ಅಂತ ಅರ್ಧ ದಿನದ ಆತ್ಮರಕ್ಷಣೆ ಶಿಬಿರ ಇಟ್ಟಿದ್ದರು. ನನಗೆ ನಿಜಕ್ಕೂ ಬೇಜಾರು ತರಿಸಿದ್ದು ಅದು. ಹತ್ತಿಪ್ಪತ್ತು ಪಟ್ಟು ತೋರಿಸಿದರು. ಮಣಿಕಟ್ಟು ಹಿಡಿದರೆ ಹೀಗೆ, ಹಿಂದಿನಿಂದ ತಬ್ಬಿದರೆ ಹಾಗೆ. ಪಕ್ಕದ ಸೀಟಿನ ಹುಡುಗಿ ನನ್ನ ಕೈಯನ್ನು ಬಳೆ ಅಂಗಡಿಯವರು ಹಿಡಿದ ಹಾಗೆ ಮೆತ್ತಗೆ ಹಿಡಿದಳು, ನಾನು ಬಿಡಿಸಿಕೊಂಡೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ಅಂಥ ಶಿಬಿರದಿಂದ ಹೊರಗೆ ಬರುವ ಹೆಂಗಸಿಗೆ ತನಗೆ ಏನೋ ಬರುತ್ತದೆ ಅನ್ನುವ ಭ್ರಮೆ ಹುಟ್ಟುತ್ತದಲ್ಲ, ಅದು ಅಪಾಯ. ಗೊತ್ತಿಲ್ಲ ಅಂತ ಗೊತ್ತಿದ್ದರೆ ಓಡಿಯಾದರೂ ಹೋಗುತ್ತೇವೆ.

ಹಾಗಾಗಿ ಕ್ಲಾಸ್ ನೋಡಲು ಹೋದಾಗ ನಾನೀಗ ಕೇಳುವುದು ಒಂದೇ. ಎದುರಿಗೆ ಇರುವವರು ಬಿಡಬಾರದು ಅಂತ ಪೂರ್ತಿ ಶಕ್ತಿ ಹಾಕಿ ಹಿಡಿದುಕೊಂಡಾಗ ಕಲಿತದ್ದನ್ನು ಮಾಡಿ ನೋಡುವ ಅವಕಾಶ ವಾರದಲ್ಲಿ ಒಂದು ದಿನವಾದರೂ ಇದೆಯಾ? ಇದ್ದರೆ ಅದು ಯಾವ ವಿದ್ಯೆಯೇ ಆಗಲಿ, ಪರವಾಗಿಲ್ಲ. ಜೂಡೋ, ಕುಸ್ತಿ, ಬಾಕ್ಸಿಂಗ್, ಬ್ರೆಜಿಲಿಯನ್ ಜುಜುತ್ಸು, ಯಾವುದಾದರೂ ಸರಿ. ಇಲ್ಲದಿದ್ದರೆ ಅದು ಒಳ್ಳೆಯ ವ್ಯಾಯಾಮ ಅಷ್ಟೇ.

ಜೂಡೋ ಹುಟ್ಟಿದ್ದೇ ಈ ಯೋಚನೆಯಿಂದ. ಜಿಗೊರೊ ಕಾನೋ ಅನ್ನುವವನು ಗಿಡ್ಡ ಆಳು, ಮೈಯಲ್ಲಿ ಕಸುವಿಲ್ಲದ ಹುಡುಗ. ದೊಡ್ಡ ಹುಡುಗರ ಕಾಟ ತಾಳಲಾರದೆ ಜುಜುತ್ಸು ಅನ್ನುವ ಜಪಾನಿನ ಹಳೆಯ ಕಾದಾಟದ ವಿದ್ಯೆ ಕಲಿಯಲು ಹೋದ. ಅದರಲ್ಲಿ ಕಣ್ಣಿಗೆ ಚುಚ್ಚುವುದು, ಬೆರಳು ಮುರಿಯುವುದು, ಎಲ್ಲ ಇತ್ತು. ಆದರೆ ಕಣ್ಣಿಗೆ ಚುಚ್ಚುವುದನ್ನು ಜೊತೆಗಾರನ ಮೇಲೆ ನಿಜವಾಗಿ ಅಭ್ಯಾಸ ಮಾಡಲು ಆಗುತ್ತದಾ? ಸುಮ್ನೆ ಮಾಡಿದ ಹಾಗೆ ಮಾಡಬೇಕು. ಅವನು ಅಂಥ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಪೂರ್ತಿ ಜೋರು ಹಾಕಿ ದಿನಾ ಅಭ್ಯಾಸ ಮಾಡಬಹುದಾದವನ್ನು ಉಳಿಸಿಕೊಂಡ. 1882ರಲ್ಲಿ ಟೋಕಿಯೋದ ಒಂದು ದೇವಸ್ಥಾನದಲ್ಲಿ ಹನ್ನೆರಡು ಚಾಪೆ ಹಾಸಿ ಕೊಡೋಕಾನ್ ಅನ್ನುವ ತನ್ನ ಜೂಡೋ ಶಾಲೆ ಶುರು ಮಾಡಿದಾಗ ಅವನಿಗೆ ಇನ್ನೂ ಇಪ್ಪತ್ತೊಂದು. ಕೇಳಿದರೆ ಮೆತ್ತಗಿನ ವಿದ್ಯೆ ಅನ್ನಿಸಬಹುದು. ಆದರೆ ಕೈಲಿ ಮಾಡಿ ಮಾಡಿ ರೂಢಿಯಾದ ನಾಲ್ಕು ಪಟ್ಟು, ಬಾಯಲ್ಲಿ ಮಾತ್ರ ಗೊತ್ತಿರುವ ನಲವತ್ತು ಪಟ್ಟಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತವೆ. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಜೂಡೋ ಸೇರಿತು, ಹೆಂಗಸರಿಗೆ ಪದಕ ಇಟ್ಟಿದ್ದು ಮಾತ್ರ 1992ರಲ್ಲಿ.

ಸರಿ, ಕ್ಲಾಸಿನ ಒಳಗೆ ಬನ್ನಿ.

ಮೊದಲ ಒಂದು ತಿಂಗಳು ಮಾಸ್ಟರ್ ಯಾರನ್ನೂ ಬೀಳಿಸಲು ಕಲಿಸುವುದಿಲ್ಲ, ಬೀಳಲು ಕಲಿಸುತ್ತಾರೆ. ಎಷ್ಟೋ ಜನ ಈ ತಿಂಗಳಲ್ಲೇ ಬೇಸತ್ತು ಬಿಟ್ಟು ಹೋಗುತ್ತಾರೆ, ಪಾಪ, ಅವರಿಗೆ ಏನು ಸಿಗುತ್ತಿತ್ತು ಅಂತ ಗೊತ್ತಾಗುವುದೇ ಇಲ್ಲ. ಮೊದಲು ಅಂಗಾತ ಮಲಗಿಸುತ್ತಾರೆ. ಗದ್ದ ಎದೆಗೆ ತಾಗಿರಬೇಕು, ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲಿರಬೇಕು. ಎರಡೂ ಕೈ ಎದೆ ಮೇಲೆ ಅಡ್ಡ ಇಟ್ಟು, ಅಲ್ಲಿಂದ ಬೀಸಿ ಮ್ಯಾಟಿಗೆ ಬಡಿಯಬೇಕು. ಅಂಗೈ ಕೆಳಗೆ, ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಏಟಿಗೆ ತಾಗಬೇಕು. ಕೈ ಭುಜದ ಮಟ್ಟಕ್ಕೆ ಏರಬಾರದು, ಏರಿದರೆ ಭುಜದ ಕೀಲಿಗೆ ಪೆಟ್ಟು. ಬಡಿಯುವಾಗ ಉಸಿರು ಹೊರಗೆ. ಇದು ಸರಿಯಾದ ಮೇಲೆ ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಬೀಳುವುದು, ಆಮೇಲೆ ನಿಂತು ಬೀಳುವುದು, ಆಮೇಲೆ ಪಕ್ಕಕ್ಕೆ, ಆಮೇಲೆ ಭುಜದ ಮೇಲೆ ಉರುಳಿ ಏಳುವುದು.

ಯಾಕೆ ಇಷ್ಟು? ಬೀಳುವಾಗ ಯಾರಿಗಾದರೂ ಮೊದಲು ಬರುವುದು ಕೈ ಊರುವ ಬುದ್ಧಿ. ಮೈಯ ಭಾರವೆಲ್ಲ ಆ ಒಂದು ಅಂಗೈ ಮೇಲೆ ಬಂದು ಮಣಿಕಟ್ಟು ಮುರಿಯುತ್ತದೆ, ಇಲ್ಲವಾದರೆ ಕಾಲರ್ ಬೋನ್. ಹಿಂದಕ್ಕೆ ಬಿದ್ದರೆ ತಲೆ ಹಿಂಬದಿ ನೆಲಕ್ಕೆ ಬಡಿಯುತ್ತದೆ. ಕೈ ಬೀಸಿ ಬಡಿದರೆ ಪೆಟ್ಟು ಒಂದೇ ಕಡೆ ನಿಲ್ಲದೆ ಹರಡುತ್ತದೆ, ಜೊತೆಗೆ ಕೈಗೆ ಬೇರೆ ಕೆಲಸ ಇರುವುದರಿಂದ ಅದು ಊರಲು ಹೋಗುವುದಿಲ್ಲ. ಗದ್ದ ಒಳಗಿದ್ದರೆ ತಲೆ ನೆಲ ಮುಟ್ಟುವುದಿಲ್ಲ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಸಾವು ಬೀಳುವುದರಿಂದಲೇ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ವರ್ಷಕ್ಕೆ ಸುಮಾರು 6,84,000 ಜನ. ನಮ್ಮ ಊರಿನ ಫುಟ್‌ಪಾತ್ ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಜೀವನದಲ್ಲಿ ಕಳ್ಳನ ಕೈಗೆ ಸಿಗದೆ ಇರಬಹುದು, ಮಳೆಗಾಲದಲ್ಲಿ ಒದ್ದೆ ಗ್ರಾನೈಟ್ ಮೆಟ್ಟಿಲ ಮೇಲೆ ಜಾರದೆ ಇರುವವರು ಯಾರಿದ್ದಾರೆ? ನಮ್ಮ ಬ್ಯಾಚಿನಲ್ಲಿ ರಿಟೈರ್ ಆದ ಒಬ್ಬ ಅಂಕಲ್ ಇದ್ದಾರೆ. ಮಲ್ಲೇಶ್ವರದ ಮಾರ್ಕೆಟ್ ಹತ್ತಿರ ಜಾರಿ ಹಿಂದಕ್ಕೆ ಬಿದ್ದರಂತೆ. ಮೊಣಕೈ ತರಚಿತ್ತು, ಚೀಲದಲ್ಲಿದ್ದ ಟೊಮೇಟೊ ಹೋಯಿತು, ಅಷ್ಟೇ. ಮರುದಿನ ಕ್ಲಾಸಿಗೆ ಬಂದು ತೋರಿಸಿದರು. ಮಾಸ್ಟರ್ ಮೊಣಕೈ ನೋಡಿ, "ಕೈ ಸ್ವಲ್ಪ ಲೇಟಾಗಿ ಬಡ್ದಿದ್ದೀರ ಸರ್" ಅಂದರು. ಅವರ ರೀತಿಯೇ ಹಾಗೆ.

ಮಾಸ್ಟರ್ ದಾವಣಗೆರೆ ಕಡೆಯವರು. ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದು ಆಮೇಲೆ ಜೂಡೋಗೆ ಬಂದವರು. ಅರವತ್ತು ದಾಟಿದೆ, ಈಗಲೂ ನಮ್ಮ ಜೊತೆ ಬಸ್ಕಿ ಹೊಡೆಯುತ್ತಾರೆ. ವಾರ್ಮಪ್‌ನಲ್ಲಿ ಅರ್ಧ ಗರಡಿಯದ್ದೇ. ದಂಡ, ಬಸ್ಕಿ, ಎರಡು ಗದೆ ತಂದಿಟ್ಟಿದ್ದಾರೆ, ಅದನ್ನೂ ತಿರುಗಿಸಬೇಕು. ಹಿಡಿತ, ಭುಜ, ಸೊಂಟ ಎಲ್ಲ ಒಟ್ಟಿಗೆ ಕೆಲಸ ಮಾಡುವುದು ಗದೆಯಲ್ಲಿ ಗೊತ್ತಾದಷ್ಟು ಜಿಮ್ ಮೆಷಿನ್‌ನಲ್ಲಿ ನನಗೆ ಗೊತ್ತಾಗಿರಲಿಲ್ಲ. ನಮ್ಮ ಪೇಟೆ ಕಡೆ ಗರಡಿ ಮನೆಗಳು ಇನ್ನೂ ಉಳಿದಿವೆ, ಕರಗದ ವೀರಕುಮಾರರಿಗೂ ಗರಡಿಗೂ ಇರುವ ನಂಟು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಅಂಥ ಊರಿನಲ್ಲಿ ಹೆಣ್ಣುಮಕ್ಕಳಿಗೆ ಮಣ್ಣಿನ ಅಖಾಡ ಸುಲಭಕ್ಕೆ ಸಿಗಲಿಲ್ಲ. ಗದೆ ಹಿಡಿಯುವ ಭಾಗ್ಯ ಕಲ್ಯಾಣ ಮಂಟಪದ ಮಹಡಿಯಲ್ಲಾದರೂ ಸಿಕ್ಕಿತಲ್ಲ ಅಂತ ನನಗೆ ಖುಷಿ.

ಎರಡನೇ ತಿಂಗಳಿಂದ ಪಟ್ಟು. ಓಸೊತೊಗಾರಿ ಅಂತ ಒಂದಿದೆ, ಎಲ್ಲರಿಗೂ ಮೊದಲು ಅದನ್ನೇ ಕಲಿಸುತ್ತಾರೆ. ಎದುರಿನವರ ತೋಳಿನ ಬಟ್ಟೆಯನ್ನು ಒಂದು ಕೈಯಲ್ಲಿ, ಕಾಲರನ್ನು ಇನ್ನೊಂದರಲ್ಲಿ ಹಿಡಿದು, ಅವರ ಪಕ್ಕಕ್ಕೆ ಹೆಜ್ಜೆ ಇಟ್ಟು, ನಮ್ಮ ಕಾಲಿನಿಂದ ಅವರ ಕಾಲನ್ನು ಹಿಂದಿನಿಂದ ಗುಡಿಸಿ ಬೀಳಿಸುವುದು. ಹೇಳಲು ಇಷ್ಟೇ. ನಾನು ಕಾಲಿನಿಂದ ಎಳೆದೆ, ಎಳೆದೆ, ಎದುರಿಗಿದ್ದ ಕಾಲೇಜು ಹುಡುಗಿ ಕಂಬದ ಹಾಗೆ ನಿಂತಿದ್ದಳು. ಮಾಸ್ಟರ್ ಬಂದು ನನ್ನ ಕಾಲನ್ನು ಮುಟ್ಟಲೇ ಇಲ್ಲ, ನನ್ನ ಕೈ ಹಿಡಿದರು. "ಕಾಲ್ ಬಿಡಿ ಮೇಡಂ. ಮೊದ್ಲು ತೋಳನ್ನ ನಿಮ್ಮ ಸೊಂಟಕ್ಕೆ ಎಳೀರಿ. ಅವ್ಳ ಭಾರ ಒಂದೇ ಹಿಮ್ಮಡಿ ಮೇಲೆ ಬರ್ಬೇಕು." ಎಳೆದೆ. ಅವಳ ಭುಜ ವಾಲಿತು, ಬಲ ಹಿಮ್ಮಡಿ ಮ್ಯಾಟಿಗೆ ಒತ್ತಿತು, ಎಡಗಾಲು ಹಗುರಾಗಿ ಮೇಲೆದ್ದಿತು. ಆಗ ಕಾಲು ಬೀಸಿದರೆ ಹೆಚ್ಚು ಶಕ್ತಿಯೇ ಬೇಕಾಗಲಿಲ್ಲ. ಜೂಡೋದಲ್ಲಿ ಬೀಳಿಸುವ ಮುಂಚೆ ಆಯ ತಪ್ಪಿಸಬೇಕು, ಆಯ ತಪ್ಪಿದ ಮೇಲೆ ಉಳಿದದ್ದು ಸಲೀಸು. ಇದನ್ನು ಓದಿದರೆ ತಲೆಗೆ ಹೋಗುತ್ತದೆ, ಕೈಗೆ ಹೋಗಬೇಕಾದರೆ ಮ್ಯಾಟ್ ಮೇಲೇ ಬರಬೇಕು.

ಶುಕ್ರವಾರ ರಂದೋರಿ. ಅಂದರೆ ಇಬ್ಬರೂ ಬಿಡದೆ ಒಬ್ಬರನ್ನೊಬ್ಬರು ಬೀಳಿಸಲು ನೋಡುವುದು, ನಾಲ್ಕು ನಿಮಿಷ. ಬಿದ್ದ ಮೇಲೂ ಮುಗಿಯುವುದಿಲ್ಲ. ಮೇಲೆ ಬಂದವರು ಅದುಮಿ ಹಿಡಿಯಬೇಕು, ಕೆಳಗಿರುವವರು ಸೊಂಟ ಎತ್ತಿ, ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಬೇಕು. ಪಂದ್ಯದಲ್ಲಿ 20 ಸೆಕೆಂಡ್ ಅದುಮಿ ಹಿಡಿದರೆ ಗೆದ್ದ ಹಾಗೆ. ಇಪ್ಪತ್ತು ಸೆಕೆಂಡ್ ತಾನೇ ಅನ್ನಬೇಡಿ. ಎದೆ ಮೇಲೆ ಎಪ್ಪತ್ತು ಕೆಜಿ ಇರುವಾಗ ಮೊದಲ ಹತ್ತು ಸೆಕೆಂಡಿಗೇ ಉಸಿರು ಕಟ್ಟಿದಂತಾಗುತ್ತದೆ. ಶುರುವಿನಲ್ಲಿ ಎಲ್ಲರೂ ಮಾಡುವುದು ಗಾಬರಿಯಾಗಿ ಒದ್ದಾಡುವುದು, ಅದರಿಂದ ಇನ್ನಷ್ಟು ಸುಸ್ತು. ತಿಂಗಳುಗಟ್ಟಲೆ ಇದನ್ನೇ ಮಾಡಿದ ಮೇಲೆ ಒಂದು ದಿನ ಆ ಭಾರದ ಕೆಳಗೂ ಯೋಚನೆ ಮಾಡಲು ಆಗುತ್ತದೆ. ಅವರ ತಲೆ ಎಲ್ಲಿದೆ, ಯಾವ ಕಡೆ ಭಾರ ಕಮ್ಮಿ ಇದೆ, ಈಗ ತಿರುಗಲಾ, ಅಂತ. ಆತ್ಮರಕ್ಷಣೆ ಅಂತ ನಾನು ದುಡ್ಡು ಕೊಡುತ್ತಿರುವುದು ಇದಕ್ಕೇ. ತಡೆಯಲಾಗದಿದ್ದರೆ ಎರಡು ಸಲ ತಟ್ಟಿದರೆ ಸಾಕು, ತಕ್ಷಣ ಬಿಡಬೇಕು. ತಟ್ಟಿದ ಮೇಲೂ ಹಿಡಿದವರನ್ನು ಮಾಸ್ಟರ್ ಆ ದಿನ ಮ್ಯಾಟ್ ಹತ್ತಲು ಬಿಡುವುದಿಲ್ಲ. ಒಬ್ಬ ಹುಡುಗ ತಮಾಷೆಗೆ ಹಾಗೆ ಮಾಡಿದ್ದಕ್ಕೆ ಎಂಟು ಗಂಟೆವರೆಗೆ ಗೋಡೆಗೆ ಒರಗಿ ಕೂರಬೇಕಾಯಿತು.

ಒಮ್ಮೊಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿ ಮಾಡಿಸುತ್ತಾರೆ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ 2024ರಲ್ಲಿ ಕಪಿಲ್ ಪರ್ಮಾರ್ ಕಂಚು ಗೆದ್ದರಲ್ಲ, ಜೂಡೋದಲ್ಲಿ ಭಾರತಕ್ಕೆ ಬಂದ ಮೊದಲ ಪ್ಯಾರಾಲಿಂಪಿಕ್ ಪದಕ ಅದು. ಕಣ್ಣು ಕಾಣದವರ ಆ ಜೂಡೋದಲ್ಲಿ ಇಬ್ಬರೂ ಹಿಡಿದುಕೊಂಡೇ ಪಂದ್ಯ ಶುರು ಮಾಡುತ್ತಾರೆ. ಬಟ್ಟೆ ಕಟ್ಟಿಕೊಂಡಾಗ ಎದುರಿನವರ ಮುಂದಿನ ಹೆಜ್ಜೆ ಅವರ ತೋಳಿನ ಬಟ್ಟೆಯಲ್ಲೇ ಗೊತ್ತಾಗುತ್ತದೆ, ಆ ಬಟ್ಟೆ ಬಿಗಿಯಾಗುವುದು, ಸಡಿಲವಾಗುವುದು. ನನ್ನ ಮಗಳಿಗೆ ಕ್ಲಾಸಿನಲ್ಲಿ ಎಲ್ಲಕ್ಕಿಂತ ಇಷ್ಟ ಇದೇ.

ಆತ್ಮರಕ್ಷಣೆ ವಿಷಯದಲ್ಲಿ ಮಾಸ್ಟರ್ ಮುಚ್ಚುಮರೆ ಇಲ್ಲದೆ ಮಾತಾಡುತ್ತಾರೆ, ಅದು ನನಗೆ ಹಿಡಿಸಿತು. ಸಣ್ಣ ಮೈಯವರು ದೊಡ್ಡವರನ್ನು ಚಿಟಿಕೆ ಹೊಡೆದ ಹಾಗೆ ಬೀಳಿಸಬಹುದು ಅಂತ ಅವರು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ತೂಕ ಲೆಕ್ಕಕ್ಕೆ ಬರುವುದಿಲ್ಲ ಅಂತಿದ್ದರೆ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೆ ಏಳು, ಹೆಂಗಸರಿಗೆ ಏಳು ತೂಕದ ವಿಭಾಗ ಯಾಕೆ ಇರುತ್ತಿತ್ತು? ಕಲಿತರೆ ಆ ಅಂತರ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಣಿಕಟ್ಟು ಬಿಡಿಸಿಕೊಳ್ಳುವುದನ್ನೇ ತಗೊಳ್ಳಿ. ಹಿಡಿದವರ ಹೆಬ್ಬೆರಳ ಕಡೆ ತಿರುಗಿಸಿ ಎಳೆಯಬೇಕು, ನಾಲ್ಕು ಬೆರಳಿಗಿಂತ ಒಂದು ಬೆರಳು ಮೆದು ಅಂತ ಎಲ್ಲ ಶಿಬಿರಗಳಲ್ಲೂ ಹೇಳುತ್ತಾರೆ. ನಿಜವೇ. ಆದರೆ ಗಟ್ಟಿ ಕೈಯ ಗಂಡಸು ಹಿಡಿದರೆ ಬರೀ ಮಣಿಕಟ್ಟು ತಿರುಗಿಸಿದರೆ ಏನೂ ಆಗುವುದಿಲ್ಲ. ಅವನ ಹತ್ತಿರಕ್ಕೇ ಒಂದು ಹೆಜ್ಜೆ ಇಟ್ಟು, ಮೊಣಕೈಯನ್ನು ಅವನ ಮೊಣಕೈ ಕಡೆ ತೂರಿಸಿ, ಸೊಂಟದಿಂದ ತಿರುಗಬೇಕು. ಹೆದರಿಕೆ ಹಿಂದಕ್ಕೆ ಎಳೆಯುತ್ತಿರುವಾಗ ಮುಂದಕ್ಕೆ ಹೆಜ್ಜೆ ಇಡುವುದು ಒಂದು ದಿನದಲ್ಲಿ ಬರುವ ಅಭ್ಯಾಸ ಅಲ್ಲ.

ಬಿಡಿಸಿಕೊಂಡ ಮೇಲೆ ಓಡಿ ಅನ್ನುತ್ತಾರೆ. ಅಂಗಡಿ, ಬೆಳಕು, ಜನ ಇರುವ ಕಡೆ ಓಡಿ, ಕಿರುಚಿ, 112ಕ್ಕೆ ಫೋನ್ ಮಾಡಿ. ಸರ ಕಿತ್ತುಕೊಳ್ಳಲು ಬೈಕಿನಲ್ಲಿ ಬಂದವನ ಜೊತೆ ಸರ ಹಿಡಿದು ಎಳೆದಾಡಬೇಡಿ, ಸರ ಹೋದರೆ ಹೋಗಲಿ. ರಸ್ತೆಯಲ್ಲಿ ನೆಲಕ್ಕೆ ಬಿದ್ದು ಅದುಮಿ ಹಿಡಿಯುವ ಜೂಡೋ ಮಾಡಲೇಬೇಡಿ, ಅವನ ಜೊತೆಯವರು ಪಕ್ಕದಲ್ಲೇ ಇರಬಹುದು. ಇನ್ನೊಂದು ಮುಖ್ಯವಾದ ಮಾತು. ಮ್ಯಾಟ್ ಮೇಲೆ ಬಿದ್ದವನು ಎದ್ದು ನಗುತ್ತಾನೆ. ಅದೇ ಪಟ್ಟು ಕಾಂಕ್ರೀಟ್ ಮೇಲೆ ಹಾಕಿದರೆ, ಬೀಳಲು ಬಾರದವನ ತಲೆ ಒಡೆದು ಜೀವ ಹೋಗಬಹುದು. ಕಾನೂನಿನಲ್ಲಿ ನಮ್ಮನ್ನು ನಾವು ಕಾಪಾಡಿಕೊಳ್ಳುವ ಹಕ್ಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಸೆಕ್ಷನ್‌ವರೆಗೆ ಅದರದ್ದೇ ವಿವರ. ಆದರೆ ಕಾಪಾಡಿಕೊಳ್ಳಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಪೆಟ್ಟು ಕೊಡಬಾರದು ಅಂತ 37ನೇ ಸೆಕ್ಷನ್ ಹೇಳುತ್ತದೆ. ಅವನು ಓಡಿಹೋಗುತ್ತಿರುವಾಗ ಅಟ್ಟಿಸಿಕೊಂಡು ಹೋಗಿ ಎತ್ತಿ ಹಾಕಿದರೆ ಅದು ಆತ್ಮರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ. ಇದನ್ನು ಮಕ್ಕಳಿಗೂ ಅರ್ಥವಾಗುವ ಹಾಗೆ ಹೇಳುವ ಕ್ಲಾಸ್ ನಾನು ಬೇರೆ ನೋಡಿಲ್ಲ.

ನನಗೆ ಒಪ್ಪಿಗೆ ಇಲ್ಲದ್ದು ಒಂದಿದೆ. ತಿಂಗಳಿಗೊಮ್ಮೆ ರಬ್ಬರ್ ಚಾಕು ಹಿಡಿದು ಕಿತ್ತುಕೊಳ್ಳುವುದು ತೋರಿಸುತ್ತಾರೆ. ಆ ಹೊತ್ತಿನಲ್ಲಿ ಮಾತ್ರ ಈ ಕ್ಲಾಸೂ ಆಫೀಸ್ ಶಿಬಿರದ ಹಾಗೇ ಆಗಿಬಿಡುತ್ತದೆ. ಚಾಕು ಹಿಡಿದವರು ಒಂದು ಸಲ ಚುಚ್ಚಿ ಕೈ ಹಾಗೇ ನಿಲ್ಲಿಸುತ್ತಾರೆ, ನಾವು ನಿಧಾನಕ್ಕೆ ಕೈ ತಿರುಚುತ್ತೇವೆ. ನಿಜವಾದ ಚಾಕು ಹಾಗೆ ಕಾಯುತ್ತದಾ? ಇದನ್ನು ಬಿಟ್ಟು ಆ ಅರ್ಧ ಗಂಟೆ ರಂದೋರಿ ಮಾಡಿಸಿದರೆ ಒಳ್ಳೆಯದು ಅಂತ ಮಾಸ್ಟರಿಗೇ ಹೇಳಿದ್ದೇನೆ. ಕೇಳಿಸಿಕೊಂಡರು, ಬದಲಾಯಿಸಿಲ್ಲ.

ಉಳಿದ ಕೊರತೆಗಳು. ಮ್ಯಾಟ್ ಒಳ್ಳೆಯದೇ, ನಾಲ್ಕು ಸೆಂಟಿಮೀಟರ್ ದಪ್ಪದ ನಿಜವಾದ ಜೂಡೋ ಮ್ಯಾಟ್. ಟೈಲ್ಸ್ ಮೇಲೆ ಬಣ್ಣ ಬಣ್ಣದ ತೆಳ್ಳಗಿನ ಜೋಡಿಸುವ ಮ್ಯಾಟ್ ಹಾಸಿ ಎತ್ತಿ ಹಾಕಿಸುವ ಜಾಗಗಳಿವೆ, ಅಲ್ಲಿಂದ ದೂರ ಇರಿ. ಆದರೆ ಇಲ್ಲಿ ಮದುವೆ ಇದ್ದಾಗ ಮ್ಯಾಟುಗಳನ್ನು ಎತ್ತಿ ಗೋಡೆಗೆ ಪೇರಿಸಬೇಕು, ಮತ್ತೆ ಹಾಸಬೇಕು. ಹಾಗೆ ಹಾಸಿದಾಗ ನಡುವೆ ಬಿರುಕು ಉಳಿಯುತ್ತದೆ, ಅದರಲ್ಲಿ ಕಾಲಿನ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ. ಬಂದ ತಕ್ಷಣ ಒಂದು ಸುತ್ತು ಹೋಗಿ ಕಾಲಿನಿಂದ ಒತ್ತಿ ಸರಿ ಮಾಡಿಕೊಳ್ಳಿ. ಹೆಂಗಸರಿಗೆ ಬಟ್ಟೆ ಬದಲಿಸಲು ಬೇರೆ ರೂಮಿಲ್ಲ, ಮದುಮಗಳ ಕೋಣೆಯಲ್ಲೇ ಸರದಿ. ಕಾರಿಗೆ ಜಾಗ ಹುಡುಕುವುದು ವ್ಯರ್ಥ, ಮೆಟ್ರೋದಲ್ಲಿ ಬನ್ನಿ. ಮಳೆಗಾಲದಲ್ಲಿ ಹಾಲ್ ಮುಗ್ಗಲು ವಾಸನೆ ಬರುತ್ತದೆ. ಮ್ಯಾಟ್ ಅನ್ನು ಪ್ರತಿ ಕ್ಲಾಸ್ ಮುಗಿದ ಮೇಲೆ ಡೆಟಾಲ್ ನೀರಲ್ಲಿ ಒರೆಸುತ್ತೇವೆ, ನಮ್ಮದೇ ಸರದಿ ಇರುತ್ತದೆ. ಉಗುರು ಕತ್ತರಿಸದೆ ಬಂದರೆ ಬಾಗಿಲಲ್ಲೇ ನೇಲ್ ಕಟರ್ ಕೊಡುತ್ತಾರೆ. ಹುಳುಕಡ್ಡಿ ಇರುವವರು ವಾಸಿಯಾಗುವವರೆಗೆ ಬರುವ ಹಾಗಿಲ್ಲ. ಮೈಗೆ ಮೈ ತಾಗುವ ವಿದ್ಯೆಯಲ್ಲಿ ಈ ಕಟ್ಟುನಿಟ್ಟು ಬೇಕೇ ಬೇಕು.

ಬಟ್ಟೆಯ ಮಾತು. ಜೂಡೋ ಸಮವಸ್ತ್ರ ಕರಾಟೆಯದ್ದರ ಹಾಗೆ ತೆಳ್ಳಗಿರುವುದಿಲ್ಲ, ಎಳೆದಾಟಕ್ಕೆ ತಡೆಯುವ ದಪ್ಪ ನೇಯ್ಗೆ. ಮೊದಲಿಗೆ ಸಿಂಗಲ್ ವೀವ್ ಸಾಕು. ಡಬಲ್ ವೀವ್ ಗಟ್ಟಿ, ಆದರೆ ಬೆಂಗಳೂರಿನ ಜುಲೈ, ಆಗಸ್ಟ್ ಮೋಡದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಮೂರನೇ ದಿನ ಹಸಿಯನ್ನೇ ಹಾಕಿಕೊಂಡು ಬರಬೇಕಾಗುತ್ತದೆ. ಹತ್ತಿ ಬಟ್ಟೆ ಆದ್ದರಿಂದ ಬಿಸಿ ನೀರಿಗೆ ಹಾಕಬೇಡಿ, ಕುಗ್ಗಿ ತೋಳು ಮೇಲೇರುತ್ತದೆ. ಮೊದಲ ತಿಂಗಳು ಟ್ರ್ಯಾಕ್ ಪ್ಯಾಂಟ್, ಗಟ್ಟಿ ಟೀ ಶರ್ಟ್‌ನಲ್ಲಿ ಬಂದರೂ ನಡೆಯುತ್ತದೆ. ಬೀಳುವ ಅಭ್ಯಾಸಕ್ಕೆ ಅಷ್ಟು ಸಾಕು. ಉಳಿಯುತ್ತೇನೆ ಅಂತ ಖಾತ್ರಿಯಾದ ಮೇಲೆ ಕೊಳ್ಳಿ.

ಫಿಟ್‌ನೆಸ್ ಎಷ್ಟಾಗುತ್ತದೆ ಅಂತ ಕೇಳುವವರಿಗೆ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕು, ಅದರ ಜೊತೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ಕೆಲಸ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಮೂರು ದಿನ ತಪ್ಪದೆ ಬಂದರೆ 270 ನಿಮಿಷ, ಎರಡೂ ಒಟ್ಟಿಗೆ ಆಗಿಬಿಡುತ್ತವೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಕುತ್ತಿಗೆ ಹಿಡಿಯುವುದು ಕಮ್ಮಿಯಾಗಿದೆ. ನೆಲದ ಮೇಲೆ ಕೂತವಳು ಕೈ ಊರದೆ ಏಳುತ್ತೇನೆ. ತೂಕ ಜಾಸ್ತಿ ಇಳಿದಿಲ್ಲ, ಇಳಿಯಲಿ ಅಂತ ಬಂದವಳೂ ಅಲ್ಲ. ಬೆರಳ ಗೆಣ್ಣು ನೋಯುವುದು, ಮೊಣಕಾಲ ಚರ್ಮ ಉಜ್ಜಿ ಉರಿಯುವುದು ಇದ್ದದ್ದೇ, ಬೆರಳಿಗೆ ಟೇಪ್ ಸುತ್ತಿಕೊಳ್ಳುವುದು ಕಲಿಯಿರಿ. ಮಂಡಿ ಆಪರೇಷನ್ ಆದವರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಬಸುರಿಯರು ಬೇಡ. ನಲವತ್ತೈದು ದಾಟಿದವರು ಡಾಕ್ಟರನ್ನು ಒಮ್ಮೆ ಕೇಳಿ ಬನ್ನಿ. ಅಂಥವರಿಗೆ ಮಾಸ್ಟರ್ ರಂದೋರಿ ಕಡ್ಡಾಯ ಮಾಡುವುದಿಲ್ಲ. ಮಕ್ಕಳಿಗೆ ಕುತ್ತಿಗೆ ಬಿಗಿಯುವ ಪಟ್ಟು, ತೋಳಿನ ಕೀಲು ಹಿಡಿಯುವ ಪಟ್ಟು ಇಲ್ಲಿ ಹೇಳಿಕೊಡುವುದೇ ಇಲ್ಲ, ಹದಿನೈದು ದಾಟಬೇಕು.

ಇಲ್ಲಿ ಬೆಲ್ಟ್ ಬೇಗ ಸಿಗುವುದಿಲ್ಲ. ಮಗಳಿಗೆ ಹಳದಿ ಬರಲು ಬಹಳ ತಿಂಗಳೇ ಬೇಕಾಯಿತು. ಟೆಸ್ಟಿಗೆ ಫೀಸ್ ಇಲ್ಲ, ಬೆಲ್ಟಿನ ಬೆಲೆ ಮಾತ್ರ. ಹಳೇ ಕ್ಲಾಸಿನ ಹಸಿರು ಬೆಲ್ಟನ್ನು ಅವಳು ತಾನಾಗಿಯೇ ಕಪಾಟಿನ ಒಳಗೆ ಹಾಕಿದಳು.

ಸೇರುವ ಮುಂಚೆ ಎರಡು ಕ್ಲಾಸ್ ಸುಮ್ನೆ ಕೂತು ನೋಡಬಹುದು, ದುಡ್ಡು ಕೇಳುವುದಿಲ್ಲ. ಶುಕ್ರವಾರ ಬನ್ನಿ, ಉಳಿದ ದಿನ ನೋಡಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಮದುವೆ ಮುಹೂರ್ತ ಇರುವ ದಿನ ಮತ್ತು ಹಿಂದಿನ ಸಂಜೆ ಹಾಲ್ ಅನ್ನು ಗಂಡಿನ ಕಡೆಯವರು ಇಳಿದುಕೊಳ್ಳಲು ಕೊಡುತ್ತಾರೆ, ಆಗ ಕ್ಲಾಸ್ ಇಲ್ಲ. ಮಾಘ, ವೈಶಾಖದಲ್ಲಿ ಹೀಗೆ ಬಹಳ ಕ್ಲಾಸ್ ತಪ್ಪುತ್ತದೆ, ಫೀಸ್ ಮಾತ್ರ ಪೂರ್ತಿ ಕೊಡಬೇಕು. ಇದು ಅನ್ಯಾಯ ಅಂತ ಎಲ್ಲರೂ ಸೇರಿ ಕೇಳಿದ್ದಕ್ಕೆ ಈಗ ತಪ್ಪಿದ ಕ್ಲಾಸಿಗೆ ಭಾನುವಾರ ಬದಲಿ ಕೊಡಲು ಶುರು ಮಾಡಿದ್ದಾರೆ. ಹೊಸದಾಗಿ ಸೇರುವವರು ಆಷಾಢದಲ್ಲಿ ಸೇರಿ. ತಿಂಗಳಿಡೀ ಒಂದು ಮದುವೆಯೂ ಇರುವುದಿಲ್ಲ, ಬೀಳುವ ಅಭ್ಯಾಸ ಒಂದು ದಿನವೂ ತಪ್ಪದೆ ನಡೆಯುತ್ತದೆ.